ಕಿಡಿ ಮೂರರಲ್ಲೂ ಹಾರಿತು, ಕಾರು ಒಂದರಲ್ಲೇ ಸರಿಯಾಗಿ ಓಡಿತು

ವಿದ್ಯಾರ್ಥಿಗಳ ಸ್ಪರ್ಧೆಗೆ ಫಾರ್ಮುಲಾ (ರೇಸ್) ಕಾರು ಕಟ್ಟುವ ತಂಡದಲ್ಲಿ ವೈರಿಂಗ್ ನನ್ನ ಪಾಲಿಗೆ ಬಂದಿತ್ತು. ಎರಡು ವರ್ಷಗಳಲ್ಲಿ ಎಂಜಿನ್ನಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಮೂರು ಬಗೆಯ ಇಗ್ನಿಷನ್‌ಗಳ ಜೊತೆ ಗುದ್ದಾಡಿದ್ದೇನೆ.

ಮೊದಲನೆಯದು ಸಿಡಿಐ, ಅಂದರೆ ಕೆಪಾಸಿಟರಿನ ಬಲದಿಂದ ಕಿಡಿ ಹಾರಿಸುವ ಪೆಟ್ಟಿಗೆ. ಹಿರಿಯರು ಬಿಟ್ಟುಹೋದ, ಕಾರ್ಬ್ಯುರೇಟರ್ ಎಂಜಿನ್ನಿನ ಅಭ್ಯಾಸದ ಕಾರಿನಲ್ಲಿತ್ತು. ಕೆಪಾಸಿಟರಿನಲ್ಲಿ ಕೆಲವು ನೂರು ವೋಲ್ಟ್ ತುಂಬಿಕೊಂಡು ಒಂದೇ ಏಟಿಗೆ, ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲ್‌ಗೆ ಸುರಿಯುತ್ತದೆ. ಮಸಿ ಹಿಡಿದ ಪ್ಲಗ್ಗಿನಲ್ಲೂ ಕಿಡಿ ಹಾರಿಸುವುದು ಇದರ ಹೆಚ್ಚುಗಾರಿಕೆ. ಆದರೆ ಆ ಕಿಡಿಗೆ ಆಯಸ್ಸು ಕಡಿಮೆ. ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ತುಸು ಕಡಿಮೆಯಾದರೂ ಐಡ್ಲಿಂಗ್‌ನಲ್ಲಿ ಎಂಜಿನ್ ಮುಗ್ಗರಿಸುತ್ತಿತ್ತು. ಟೈಮಿಂಗ್ (ಕಿಡಿ ಹಾರುವ ಹೊತ್ತು) ಬದಲಿಸೋಣವೆಂದರೆ ಪೆಟ್ಟಿಗೆಯೊಳಗೆಲ್ಲ ರಾಳ ತುಂಬಿ ಮುಚ್ಚಿದ್ದರು. ಅಲ್ಲಿಗೆ ಅದರ ಕಥೆ ಮುಗಿಯಿತು.

ಹೊಸ ಕಾರಿಗೆ 373 ಸಿಸಿಯ ಒಂಟಿ ಸಿಲಿಂಡರ್ ಬೈಕ್ ಎಂಜಿನ್ ತಂದೆವು, ಜೊತೆಗೆ ಅದರದೇ ಇಸಿಯು, ಅಂದರೆ ಕಿಡಿ, ಪೆಟ್ರೋಲ್ ಎರಡನ್ನೂ ನಡೆಸುವ ಪುಟ್ಟ ಕಂಪ್ಯೂಟರ್. ಎರಡು ದಿನ ಸ್ಟಾರ್ಟರ್ ತಿರುಗಿತೇ ಹೊರತು ಕಿಡಿಯ ಸುಳಿವಿಲ್ಲ. ಕೊನೆಗೆ ಸಿಕ್ಕ ಕಾರಣ: ಬೈಕ್ ಬಿದ್ದರೆ ಎಂಜಿನ್ ನಿಲ್ಲಿಸುವ ಸೆನ್ಸರನ್ನು ನಾನೇ ಜಾಗ ಸಾಲದೆ ಅಡ್ಡಲಾಗಿ ಕೂರಿಸಿದ್ದೆ. ಕಾರು ನೆಟ್ಟಗೆ ನಿಂತಿದೆ, ಇಸಿಯು ಮಾತ್ರ ಬೈಕ್ ಮಗುಚಿದೆ ಎಂದುಕೊಂಡು ಕೂತಿದೆ! ನೇರವಾಗಿ ಕೂರಿಸಿದ ಮೇಲೆ ಮೊದಲ ಒತ್ತಿಗೇ ಎಂಜಿನ್ ಎದ್ದಿತು. ತೊಡಕು ಬಂದದ್ದು ಸ್ಪರ್ಧೆಯ ನಿಯಮದಂತೆ ಗಾಳಿಯ ದಾರಿ ಕಿರಿದಾಗಿಸುವ 20 ಮಿ.ಮೀ. ರಿಸ್ಟ್ರಿಕ್ಟರ್ ಹಾಕಿದಾಗ. ಹೆಚ್ಚಿನ ವೇಗದಲ್ಲಿ ಸಿಲಿಂಡರಿಗೆ ಗಾಳಿ ಸಾಲುವುದಿಲ್ಲ. ಒಳಗೆ ಬಂದ ಮಿಶ್ರಣದ ಒತ್ತಡ ಕಡಿಮೆಯಾಗಿ ಅದು ನಿಧಾನವಾಗಿ ಉರಿಯುವುದರಿಂದ ಕಿಡಿ ಇನ್ನಷ್ಟು ಮುಂಚೆ ಬೇಕು. ಕಾರ್ಖಾನೆಯ ಮ್ಯಾಪ್ (ಯಾವ ವೇಗಕ್ಕೆ ಯಾವಾಗ ಕಿಡಿ ಎಂಬ ಪಟ್ಟಿ) ತಿದ್ದಲು ನಮ್ಮ ಬಳಿ ದಾರಿ ಇರಲಿಲ್ಲ.

ಹಾಗಾಗಿ ಮೂರನೆಯದು, ನಾವೇ ಮ್ಯಾಪ್ ಬರೆಯಬಹುದಾದ ಇಸಿಯು ಮತ್ತು ಕರೆಂಟ್ ಹರಿಸಿ ನಿಲ್ಲಿಸುವ ಸ್ವಿಚ್ (ಡ್ರೈವರ್) ಒಳಗೇ ಇರುವ ಕಾಯಿಲ್. ಇಲ್ಲಿ ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಕೊಡಬೇಕೆಂಬುದೂ ನಮ್ಮದೇ ಲೆಕ್ಕ. ಸುಮಾರು 3 ಮಿಲಿಸೆಕೆಂಡ್ ಕೊಟ್ಟೆವು; ಬ್ಯಾಟರಿ ಇಳಿದಾಗ ಇನ್ನೂ ಹೆಚ್ಚು. ಅತಿಯಾದರೆ ಕಾಯಿಲ್ ಸುಡುತ್ತದೆ, ನಮ್ಮದೊಂದು ಸುಟ್ಟಿತು ಕೂಡ.

ನಿಜವಾದ ಪಾಠ ಕ್ರ್ಯಾಂಕ್ ಸೆನ್ಸರಿನದು. ಹಲ್ಲಿನ ಚಕ್ರ ನೋಡಿ ಎಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುಗೆ ಹೇಳುವುದು ಇದೇ. ಕಂಪ್ಯೂಟರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿ, ಫ್ಲೈವೀಲ್ ಗುರುತಿನ ಮೇಲೆ ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದೆ. 1500 ಆರ್‌ಪಿಎಂನಲ್ಲಿ ಸರಿಯಾಗಿತ್ತು. ವೇಗ ಏರಿಸಿದಂತೆ ಬಿಳಿ ಗೆರೆ ಮೆಲ್ಲಗೆ ಜಾರತೊಡಗಿತು. ಕಾಯಿಲ್, ಇಸಿಯು, ಸಾಫ್ಟ್‌ವೇರ್ ಎಲ್ಲವನ್ನೂ ಬೈದಾಯಿತು. ನೋಡಿದರೆ ಸೆನ್ಸರಿನ ಎರಡು ವೈರುಗಳು ಅದಲುಬದಲಾಗಿದ್ದವು. ಹಲ್ಲು ದಾಟುವಾಗ ಬರುವ ಸಿಗ್ನಲ್ಲಿನ ಕಡಿದಾದ ಅಂಚಿನ ಬದಲು ಓರೆಯಾದ ಕಡೆಯಿಂದ ಇಸಿಯು ಎಣಿಸುತ್ತಿತ್ತು. 9000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಎಂದರೆ ಬರೀ 18.5 ಮೈಕ್ರೋಸೆಕೆಂಡ್, ಅಷ್ಟು ಹೊತ್ತಿನಲ್ಲಿ ಎಷ್ಟು ತಪ್ಪಬಹುದು ಲೆಕ್ಕ ಹಾಕಿ. ವೈರು ತಿರುಗಿಸಿ ಹಾಕಿದೆ, ಗೆರೆ ಮೊಳೆ ಹೊಡೆದಂತೆ ನಿಂತಿತು.

ಸ್ಪರ್ಧೆಗೆ ಎರಡು ತಿಂಗಳಷ್ಟೇ ಉಳಿದಿದ್ದರೆ ಬೈಕಿನ ಇಸಿಯುವೇ ಸಾಕು. ಓಡದ ಕಾರಿಗೆ ಒಳ್ಳೆಯ ಮ್ಯಾಪ್ ಕಟ್ಟಿಕೊಂಡು ಏನು ಮಾಡುವುದು? ಒಂದು ವರ್ಷವಿದ್ದರೆ ಮೂರನೆಯದಕ್ಕೇ ಕೈ ಹಾಕಿ. ಕಿಡಿಯ ವಿದ್ಯುತ್ ಗದ್ದಲ ತಾಗದಂತೆ ಸೆನ್ಸರಿಗೆ ಶೀಲ್ಡ್ (ಲೋಹದ ಹೊದಿಕೆ) ಇರುವ ವೈರು ಹಾಕಿ, ಅದನ್ನು ಕಾಯಿಲ್ ವೈರಿನಿಂದ ದೂರ ಎಳೆಯಿರಿ, ರೆಸಿಸ್ಟರ್ ಇರುವ ಪ್ಲಗ್ಗನ್ನೇ ಕೊಳ್ಳಿ. ಟೈಮಿಂಗ್ ಲೈಟನ್ನು ಮಾತ್ರ ಪಕ್ಕದ ಗ್ಯಾರೇಜಿನಿಂದ ಎರವಲು ತಂದರೂ ನಡೆಯುತ್ತದೆ, ನಾವು ತಂದದ್ದೂ ಹಾಗೆಯೇ.