ಮರಾಕೆಶ್‌ನ ಅರಮನೆ ಹೋಟೆಲಿನಲ್ಲಿ ಟೈಲ್ಸ್ ಅಂಗಡಿಯವನ ಮೂರು ರಾತ್ರಿ

ಮೈಸೂರಿನಲ್ಲಿ ನನ್ನದೊಂದು ಟೈಲ್ಸ್, ಗ್ರಾನೈಟ್ ಅಂಗಡಿ ಇದೆ. ಶುರು ಮಾಡಿ 26 ವರ್ಷ ಆಯಿತು. ಯಾರ ಮನೆಗೆ ಹೋದರೂ ಮೊದಲು ನೆಲ ನೋಡುತ್ತೇನೆ, ಆಮೇಲೆ ಮನೆಯವರ ಮುಖ. ಈ ಚಾಳಿ ಬಿಡಿ ಅಂತ ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಾಳೆ. ಹಾಗಾಗಿ ಈ ವಿಮರ್ಶೆಯಲ್ಲಿ ಹಾಸಿಗೆ, ದಿಂಬಿಗಿಂತ ನೆಲ, ಗೋಡೆ ಜಾಸ್ತಿ ಬರುತ್ತವೆ.

ಮಗಳು ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮದುವೆಯ 30ನೇ ವರ್ಷಕ್ಕೆ ಅಂತ ಅವಳೇ ಮೊರಾಕ್ಕೊ ದೇಶದ ಮರಾಕೆಶ್‌ನಲ್ಲಿ ಮೂರು ರಾತ್ರಿ ಬುಕ್ ಮಾಡಿದಳು. ಮ್ಯಾಡ್ರಿಡ್‌ನಿಂದ ಎರಡು ಗಂಟೆಯ ವಿಮಾನ, ಅಷ್ಟೇ. ಮರಾಕೆಶ್‌ನ ದೊಡ್ಡ ಹೋಟೆಲು ಅಂದರೆ ಎಲ್ಲರೂ ಹೇಳುವ ಹೆಸರು ಲಾ ಮಾಮೂನಿಯಾ. 1923ರಲ್ಲಿ ಶುರುವಾದದ್ದು, ಚರ್ಚಿಲ್ ಬಂದು ಉಳಿಯುತ್ತಿದ್ದ ಜಾಗ. ಅದರ ಬಾಡಿಗೆ ಕೇಳಿ ನಾನೇ ಬೇಡ ಅಂದೆ. ನಾವಿದ್ದದ್ದು ಹಳೇ ಊರಿನ ಒಳಗೆ, ಎರಡು ಹಳೇ ಮನೆಗಳನ್ನ ಸೇರಿಸಿ ಮಾಡಿದ ಅರಮನೆ ಹೋಟೆಲಿನಲ್ಲಿ. ಅದೇನೂ ಅಗ್ಗವಲ್ಲ. ರಾತ್ರಿಗೆ 4,800 ದಿರ್ಹಮ್, ಒಂದು ದಿರ್ಹಮ್‌ಗೆ ಹೆಚ್ಚು ಕಡಿಮೆ 9 ರೂಪಾಯಿ ಅಂದುಕೊಂಡು ನೀವೇ ಗುಣಿಸಿ. ಪ್ರವಾಸಿ ತೆರಿಗೆ ಬೇರೆ. ಹೋಟೆಲಿನ ಹೆಸರು ಹಾಕುತ್ತಿಲ್ಲ. ಎರಡು ವಿಷಯಕ್ಕೆ ಬೇಸರ ಆಯಿತು, ಅದನ್ನ ಮ್ಯಾನೇಜರ್ ಎದುರಿಗೇ ಹೇಳಿ ಬಂದಿದ್ದೇನೆ.

ಹಳೇ ಊರಿನ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ. ಹೋಟೆಲಿನ ಹುಡುಗ ತಳ್ಳುಗಾಡಿಯಲ್ಲಿ ಸೂಟ್‌ಕೇಸ್ ಹಾಕಿಕೊಂಡು ಮುಂದೆ ನಡೆದ, ನಾವು ಹಿಂದೆ. ಎರಡೂ ಕಡೆ ಕೆಮ್ಮಣ್ಣಿನ ಬಣ್ಣದ ಗೋಡೆ, ಒಂದು ಕಿಟಕಿ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ 6.8 ತೀವ್ರತೆಯ ಭೂಕಂಪ ಆಗಿತ್ತು. ಗಲ್ಲಿಯ ಒಂದು ಕಡೆ ಇನ್ನೂ ಮರದ ತೊಲೆಗಳನ್ನ ಅಡ್ಡ ಕೊಟ್ಟು ಗೋಡೆ ನಿಲ್ಲಿಸಿದ್ದರು. ಕೊನೆಗೆ ಒಂದು ಕುಳ್ಳ ಬಾಗಿಲು. ಗೋಡೌನ್ ಬಾಗಿಲಿನ ಹಾಗಿತ್ತು. "ಇದಕ್ಕಾ ಇಷ್ಟು ದುಡ್ಡು?" ಅಂತ ಹೆಂಡತಿ ನನ್ನ ಮುಖ ನೋಡಿದಳು.

ಬಗ್ಗಿ ಒಳಗೆ ಹೋಗಿ, ಒಂದು ತಿರುವು ತಿರುಗಿದೆವು. ತೊಟ್ಟಿಮನೆ! ನಮ್ಮ ಕಡೆಯ ತೊಟ್ಟಿಮನೆಯನ್ನೇ ಹತ್ತು ಪಟ್ಟು ದೊಡ್ಡದು ಮಾಡಿದ ಹಾಗೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಾಲ್ಕು ಭಾಗ ಮಾಡಿದ ತೋಟ, ಕಿತ್ತಳೆ ಗಿಡ, ಮಧ್ಯದಲ್ಲಿ ಕಾರಂಜಿ. ಎಲ್ಲ ಕೋಣೆಗಳ ಮುಖವೂ ಅಂಗಳದ ಕಡೆಗೆ. ಇಂಥ ಮನೆಗೆ ರಿಯಾದ್ ಅನ್ನುತ್ತಾರೆ, ಆ ಪದಕ್ಕೆ ತೋಟ ಅಂತಲೇ ಅರ್ಥವಂತೆ. ಮೇಲೆ ದೇವದಾರು ಮರದ ಚಾವಣಿ, ಅದರ ಕೆಳಗೆ ಜಾಲರಿಯ ಹಾಗೆ ಕೆತ್ತಿದ ಗಾರೆ, ಅದಕ್ಕೂ ಕೆಳಗೆ ಆಳೆತ್ತರ ಟೈಲ್ಸ್. ಸ್ವಾಗತಕ್ಕೆ ಬಂದ ಹುಡುಗಿ ಪುದೀನ ಚಹಾವನ್ನ ಒಂದು ಮೊಳ ಮೇಲಿಂದ ಲೋಟಕ್ಕೆ ಸುರಿದಳು. ನಮ್ಮ ಕಡೆ ಕಾಫಿ ಎತ್ತಿ ಸುರಿದು ನೊರೆ ಬರಿಸುವುದಿಲ್ಲವೇ, ಅದೇ ಕೈಚಳಕ. ನಾನು ಮಾತ್ರ ಆಗಲೇ ಗೋಡೆಯ ಹತ್ತಿರ ಇದ್ದೆ. "ರೀ, ಉಗುರಲ್ಲಿ ಕೆರೀಬೇಡಿ, ದುಡ್ಡು ಕಟ್ಟಿ ಅಂತಾರೆ" ಅಂತ ಕೂಗು ಬಂತು.

ಕೆರೆಯದೆ ಇರುವುದು ಹೇಗೆ ಹೇಳಿ. ಒಂದು ಗೇಣು ಜಾಗದಲ್ಲಿ 90ಕ್ಕೂ ಹೆಚ್ಚು ತುಂಡು ಎಣಿಸಿದೆ. ನಕ್ಷತ್ರ, ಬಾದಾಮಿ, ಚೌಕ, ಹೆಸರೇ ಇಲ್ಲದ ಆಕಾರಗಳು. ನಡುವೆ ಸ್ಪೇಸರ್ ಇಟ್ಟು ಬಿಟ್ಟ ಸಂದಿಲ್ಲ, ಸಂದಿಗೆ ತುಂಬುವ ಗ್ರೌಟ್ ಕಣ್ಣಿಗೆ ಕಾಣಲ್ಲ. ಇದಕ್ಕೆ ಜ಼ೆಲ್ಲಿಜ್ ಅನ್ನುತ್ತಾರೆ. ನಾನು ದಿನಾ ಮಾರುವುದು ಎರಡಡಿ ನಾಲ್ಕಡಿಯ ವಿಟ್ರಿಫೈಡ್. ಒಬ್ಬ ಮೇಸ್ತ್ರಿ ದಿನಕ್ಕೆ ಒಂದು ಕೋಣೆ ಮುಗಿಸುತ್ತಾನೆ. ಇಲ್ಲಿ ಒಂದು ಕಂಬಕ್ಕೆ ಎಷ್ಟು ದಿನ ಹಿಡಿದಿರಬೇಕು ಅಂತ ಲೆಕ್ಕ ಹಾಕುತ್ತಾ ನಿಂತೆ.

ಇಷ್ಟೆಲ್ಲ ನೋಡಿ ರೂಮಿಗೆ ಹೋದರೆ ಮೊದಲ ಬೇಸರ. ನಮಗೆ ಕೊಟ್ಟದ್ದು ಹಿಂದುಗಡೆ ಹೊಸದಾಗಿ ಕಟ್ಟಿದ ಭಾಗದಲ್ಲಿ. ಎಸಿ ಚೆನ್ನಾಗಿತ್ತು, ಹಾಸಿಗೆ ಹೂವಿನಂತಿತ್ತು, ಟವೆಲ್ಲು ಕಂಬಳಿಯಷ್ಟು ದಪ್ಪ. ಆದರೆ ಗೋಡೆಯಲ್ಲಿದ್ದದ್ದು ಜ಼ೆಲ್ಲಿಜ್ ಡಿಸೈನ್ ಪ್ರಿಂಟ್ ಹಾಕಿದ ಫ್ಯಾಕ್ಟರಿ ಟೈಲ್ಸ್. ನಾಲ್ಕು ನಕ್ಷತ್ರ ಆದಮೇಲೆ ಅದೇ ಗೀಟು, ಅದೇ ಚುಕ್ಕೆ ಮತ್ತೆ ಬರುತ್ತದೆ. ಇಂಥದ್ದನ್ನ ನಾನೇ ಮಾರುತ್ತೇನೆ ಸ್ವಾಮಿ, ಚದರಡಿ ಲೆಕ್ಕದಲ್ಲಿ! ಬುಕಿಂಗ್‌ನಲ್ಲಿ ತೋರಿಸಿದ ಫೋಟೋ ಹಳೇ ಕಟ್ಟಡದ್ದು. ಮಗಳು ಫೋನಿನಲ್ಲೇ ಜಗಳ ಆಡಿದ ಮೇಲೆ ಮಾರನೇ ದಿನ ಹಳೇ ಭಾಗಕ್ಕೆ ಹಾಕಿದರು. ಒಂದು ರಾತ್ರಿ ಹೋಯಿತಲ್ಲ.

ಹಳೇ ರೂಮಿನ ಬಚ್ಚಲು ಮಾತ್ರ ನೋಡಲೇಬೇಕು. ಟೈಲ್ಸೇ ಇಲ್ಲ. ಗೋಡೆ, ತೊಟ್ಟಿ, ಕೂರುವ ಕಟ್ಟೆ ಎಲ್ಲ ಒಂದೇ ಮೈ, ಮಾಸಲು ಗುಲಾಬಿ ಬಣ್ಣ. ಇದರ ಹೆಸರು ತಡೆಲಾಕ್ತ್, ಮರಾಕೆಶ್ ಕಡೆಯದ್ದೇ ಸುಣ್ಣದ ಗಾರೆ. ನುಣುಪು ಕಲ್ಲಿನಲ್ಲಿ ಉಜ್ಜಿ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸೋಪು ಹಚ್ಚಿ ಮತ್ತೆ ಉಜ್ಜುತ್ತಾರೆ. ಸುಣ್ಣವೂ ಸೋಪೂ ಸೇರಿ ನೀರು ಇಳಿಯದ ಪದರ ಆಗುತ್ತದೆ. ಕೈಯಾಡಿಸಿದರೆ ನಮ್ಮಜ್ಜಿ ಮನೆಯ ಕೆಂಪು ಕಾವಿ ನೆಲ ನೆನಪಾಯಿತು. ಅಜ್ಜಿ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕುತ್ತಿದ್ದರು. ಆದರೆ ನಲ್ಲಿಯ ಕೆಳಗೆ ಅಂಗೈಯಗಲ ವೈಟ್ ಸಿಮೆಂಟಿನ ತೇಪೆ! ಅದು ನೀರು ಕುಡಿದು ಕಪ್ಪಾಗಿತ್ತು. ಇಷ್ಟು ದುಡ್ಡು ತಗೊಳ್ಳುವವರು ಸುಣ್ಣದಲ್ಲೇ ತೇಪೆ ಹಾಕಿಸಬಹುದಿತ್ತು, ಅಲ್ವಾ?

ಎರಡನೇ ದಿನ ಬೆಳಗ್ಗೆ ತಿಂಡಿಗೆ ಬಂದಾಗ ಕಾರಂಜಿಯ ಪಕ್ಕ ಒಬ್ಬರು ಹಿರಿಯರು ಗೋಣಿತಾಟು ಹಾಸಿ ಕೂತಿದ್ದರು. ಕಾರಂಜಿಯ ಬುಡದಲ್ಲಿ ಕೆಲವು ತುಂಡು ಎದ್ದು ಹೋಗಿದ್ದವು. ಅದರ ರಿಪೇರಿಗೆ ಬಂದ ಕುಶಲಕರ್ಮಿ. ಇವರನ್ನ ಮಾಲೆಮ್ ಅಂತ ಗೌರವದಿಂದ ಕರೆಯುತ್ತಾರೆ, ನಮ್ಮ ಮೇಸ್ತ್ರಿ ಇದ್ದಹಾಗೆ. ನನ್ನ ತಿಂಡಿ ತಣ್ಣಗಾಯಿತು.

ಮೊದಲು ಬಣ್ಣದ ಹೊಳಪು ಕೊಟ್ಟು ಸುಟ್ಟ ಚೌಕ ಬಿಲ್ಲೆ. ಅದರ ಮೇಲೆ ಗೀಟು ಹಾಕಿಕೊಂಡಿರುತ್ತಾರೆ. ಎರಡು ಕಡೆಯೂ ಹರಿತ ಇರುವ ದಪ್ಪ ಸುತ್ತಿಗೆ, ಎದುರಿಗೆ ಒಂದು ಗಟ್ಟಿ ದಿಮ್ಮಿ. ಟಕ್, ಟಕ್, ಟಕ್. ಕಟಿಂಗ್ ಮೆಷಿನ್ ಇಲ್ಲ, ರಸಮಟ್ಟ ಇಲ್ಲ. ಗೀಟಿನ ಮೇಲೇ ಒಡೆಯುತ್ತದೆ. ಆಮೇಲೆ ತುಂಡನ್ನ ತಿರುಗಿಸಿ, ಹಿಂಬದಿಯ ಅಂಚನ್ನ ಓರೆಯಾಗಿ ಕೆತ್ತಿದರು. ಗ್ರೌಟ್ ಕಾಣದ ಗುಟ್ಟು ಆಗ ಗೊತ್ತಾಯಿತು! ಹಿಂದೆ ಓರೆ ಇದ್ದರೆ ಮುಂದೆ ಅಂಚಿಗೆ ಅಂಚು ಕೂರುತ್ತದೆ, ಸಿಮೆಂಟು ಹಿಡಿಯುವುದಕ್ಕೆ ಹಿಂದೆ ಜಾಗ ಸಿಗುತ್ತದೆ. ಹೊಸದಾಗಿ ದೊಡ್ಡ ಹಲಗೆ ಮಾಡುವಾಗ ತುಂಡುಗಳನ್ನೆಲ್ಲ ಬೋರಲು ಜೋಡಿಸಿ ಹಿಂದಿನಿಂದ ಗಾರೆ ಸುರಿಯುತ್ತಾರಂತೆ. ಅಂದರೆ ಬಣ್ಣ ಕಾಣದೆಯೇ ಚಿತ್ರ ಜೋಡಿಸಬೇಕು.

ನಮ್ಮಿಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಫೋನಿನಲ್ಲಿ ನನ್ನ ಅಂಗಡಿಯ ಫೋಟೋ ತೋರಿಸಿದೆ. ಎರಡಡಿ ನಾಲ್ಕಡಿ ಟೈಲ್ ನೋಡಿ, ಎರಡೂ ಕೈ ಅಗಲಿಸಿ, ಇಷ್ಟು ದೊಡ್ಡದಾ ಅನ್ನುವ ಹಾಗೆ ನಕ್ಕರು. ಸುತ್ತಿಗೆ ನನ್ನ ಕೈಗೆ ಕೊಟ್ಟರು. ಒಂದೇ ಏಟು, ಹಸಿರು ಬಿಲ್ಲೆ ಮೂರು ಚೂರು. ಅವರು ಅದರಲ್ಲೇ ದೊಡ್ಡ ಚೂರು ತಗೊಂಡು ಪುಟ್ಟ ಬಾದಾಮಿ ಮಾಡಿಬಿಟ್ಟರು.

ಊಟದ ವಿಷಯ. ಬೆಳಗಿನ ತಿಂಡಿಗೆ ಹತ್ತಕ್ಕೆ ಹತ್ತು. ಬಗ್ರೀರ್ ಅಂತ ರವೆಯ ದೋಸೆ ಕೊಡುತ್ತಾರೆ, ಮೈತುಂಬಾ ತೂತು, ಥೇಟ್ ಸೆಟ್ ದೋಸೆ. ಒಂದೇ ಕಡೆ ಬೇಯಿಸುತ್ತಾರೆ, ಜೇನು ಬೆಣ್ಣೆ ಸುರಿದರೆ ಹೀರಿಕೊಳ್ಳುತ್ತದೆ. ಜೊತೆಗೆ ಅಮ್ಲೂ ಅಂತ ಬಾದಾಮಿ, ಅರ್ಗಾನ್ ಎಣ್ಣೆ, ಜೇನು ಅರೆದ ಚಟ್ನಿಯಂಥದ್ದು.

ಎರಡನೇ ಬೇಸರ ಶುಕ್ರವಾರ ಮಧ್ಯಾಹ್ನ. ಅವತ್ತು ಇಡೀ ದೇಶ ಕುಸ್‌ಕುಸ್, ಅಂದರೆ ಹಬೆಯಲ್ಲಿ ಬೇಯಿಸಿದ ಗೋಧಿ ರವೆ, ತಿನ್ನುವ ದಿನ. ನಾವು ಸಸ್ಯಾಹಾರಿಗಳು ಅಂತ ಬುಕಿಂಗ್‌ನಲ್ಲೇ ಬರೆದಿದ್ದೆವು. ತರಕಾರಿ ಕುಸ್‌ಕುಸ್ ಬಂತು. ಗಜ್ಜರಿ, ಕುಂಬಳ, ಟರ್ನಿಪ್, ಕಡಲೆ, ನೋಡಲು ಬಲು ಚೆಂದ. ಹೆಂಡತಿ ಒಂದು ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟಳು. ವಿಚಾರಿಸಿದರೆ, ತರಕಾರಿ ಬೇಯಿಸಿದ್ದು ಕುರಿಮಾಂಸದ ಸಾರಿನಲ್ಲಿ. "ಮಾಂಸ ಹಾಕಿಲ್ಲ ಮೇಡಂ, ಸಾರು ಮಾತ್ರ" ಅಂದ ಹುಡುಗ. ಅವನ ತಪ್ಪಲ್ಲ, ಅವರಿಗೆ ಅದು ತರಕಾರಿ ಊಟವೇ. ಆದರೆ ಬುಕಿಂಗ್‌ನಲ್ಲಿ ಬರೆದದ್ದನ್ನ ಅಡುಗೆಮನೆಗೆ ಮುಟ್ಟಿಸದಿದ್ದದ್ದು ಆಫೀಸಿನವರ ತಪ್ಪು. ಬಿಲ್‌ನಲ್ಲಿ ಊಟದ ದುಡ್ಡು ತೆಗೆದರು. ಅವಳು ಆ ದಿನವೆಲ್ಲ ಬ್ರೆಡ್ಡು, ಕಿತ್ತಳೆಯಲ್ಲೇ ಕಳೆದಳು.

ಹಮ್ಮಾಮ್, ಅಂದರೆ ಬಿಸಿ ಹಬೆಯ ಸ್ನಾನ, 900 ದಿರ್ಹಮ್. ಕಪ್ಪು ಸೋಪು ಹಚ್ಚಿ ಒರಟು ಕೈಗವಸಿನಲ್ಲಿ ಮೈ ತಿಕ್ಕುತ್ತಾರೆ. ಹೆಂಡತಿಯ ತೀರ್ಪು: "ನಮ್ಮಜ್ಜಿ ದೀಪಾವಳಿಗೆ ಪುಕ್ಕಟೆ ತಿಕ್ಕುತ್ತಿದ್ದರು."

ಸಂಜೆ ತಾರಸಿ ತಪ್ಪಿಸಬೇಡಿ. 12ನೇ ಶತಮಾನದ ಕುತುಬಿಯಾ ಮಸೀದಿಯ ಮಿನಾರು ಎದುರಿಗೇ ಕಾಣುತ್ತದೆ, 77 ಮೀಟರ್ ಎತ್ತರ. ಅದರ ತುದಿಯ ಹತ್ತಿರ ಹಸಿರು-ನೀಲಿ ಟೈಲ್ಸಿನ ಒಂದು ಪಟ್ಟಿ ಇದೆ. ಉಳಿದವರೆಲ್ಲ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದರು, ನಾನು ಜೂಮ್ ಮಾಡಿ ಆ ಪಟ್ಟಿ ನೋಡುತ್ತಿದ್ದೆ.

ಹಳೇ ಊರಿನ ಇಂಥ ಹೋಟೆಲಿಗೆ ಹೋಗುವುದಾದರೆ ಹಳೇ ಕಟ್ಟಡದ ರೂಮೇ ಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಸಸ್ಯಾಹಾರಿಗಳಾದರೆ ಮಾಂಸ ಬೇಡ ಅಂದರೆ ಸಾಲದು, ಸಾರು ಯಾವುದರದ್ದು ಅಂತ ಕೇಳಿ. ಚಕ್ರದ ಸೂಟ್‌ಕೇಸ್‌ಗಿಂತ ಹೆಗಲ ಚೀಲ ವಾಸಿ. ನನ್ನ ಚೀಲದ ಜೇಬಿನಲ್ಲಿ ಆ ಹಸಿರು ಬಾದಾಮಿ ಬಂದಿದೆ. ಅಂಗಡಿಯ ಕೌಂಟರಿನ ಮೇಲಿಟ್ಟಿದ್ದೇನೆ. ನೋಡಿದ ಗಿರಾಕಿಗಳು "ಇದರ ಬಾಕ್ಸ್ ಎಷ್ಟು?" ಅಂತ ಕೇಳುತ್ತಾರೆ.