ಕೆಚ್ಚಲು ಬಾವಿಗೆ ಲೋಳೆಸರದ ಲೇಪ: ಕಾಸಿಗೆ ಅಗ್ಗ, ಕೈಕೆಲಸ ಜಾಸ್ತಿ

ಎನ್‌ಡಿಡಿಬಿ (ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ) ಮತ್ತು ಬೆಂಗಳೂರಿನ ಟಿಡಿಯು ವಿಶ್ವವಿದ್ಯಾಲಯ ಹಾಲಿನ ಸಂಘಗಳ ಮೂಲಕ ಹಬ್ಬಿಸಿದ ಲೇಪವಿದು. ಸಾಮಾನು ಮೂರೇ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಎಲೆಯಡಿಕೆಗೆ ಹಚ್ಚುವ ಸುಣ್ಣ 15 ಗ್ರಾಂ. ಇದು ಒಂದು ಹಸುವಿಗೆ ಒಂದು ದಿನದ ಅಳತೆ. ಲೋಳೆಸರದ ಅಂಚಿನ ಮುಳ್ಳು ಸವರಿ ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ. ಸುಣ್ಣ ಬಿದ್ದೊಡನೆ ಹಳದಿ ಹೋಗಿ ಇಟ್ಟಿಗೆಗೆಂಪು ಬರಬೇಕು. ಬರದಿದ್ದರೆ ಸುಣ್ಣ ಗಾಳಿಗೆ ಸತ್ತಿದೆ, ಇಲ್ಲವೇ ಅರಿಶಿನ ಕಲಬೆರಕೆ. ಹಾಗಂತ ಸುಣ್ಣ ಜಾಸ್ತಿ ಸುರಿದರೆ ತೊಟ್ಟಿನ ಚರ್ಮ ಸುಟ್ಟು ಹಸು ಒದೆಯಲು ಶುರುಮಾಡುತ್ತದೆ.

ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ತೆಗೆಯಿರಿ, ಆದರೆ ಕೊಟ್ಟಿಗೆ ನೆಲಕ್ಕೆ ಚೆಲ್ಲಬೇಡಿ. ಸೋಂಕು ಪಕ್ಕದ ಹಸುವಿಗೂ ಹತ್ತುತ್ತದೆ. ಕೆಚ್ಚಲು ತೊಳೆದು, ಒಂದು ಹಿಡಿ ಲೇಪಕ್ಕೆ 150–200 ಮಿ.ಲೀ. ನೀರು ಬೆರೆಸಿ, ಊದಿದ ಭಾಗಕ್ಕಷ್ಟೇ ಅಲ್ಲ, ಇಡೀ ಕೆಚ್ಚಲಿಗೆ ಬಳಿಯಿರಿ. ದಿನಕ್ಕೆ 10 ಸಲ, 5 ದಿನ. ಜೊತೆಗೆ ದಿನಕ್ಕೆ 2 ನಿಂಬೆಹಣ್ಣು ಹೋಳು ಮಾಡಿ 3 ದಿನ ತಿನ್ನಿಸಬೇಕು. ಲೇಪ ದಿನಾ ಹೊಸದಾಗಿ ಅರೆಯಬೇಕು.

ಎಡವುವುದು ಈ ‘10 ಸಲ’ದಲ್ಲೇ. ಹಾಲು ಕರೆಯುವಾಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಳಿದು ‘ಏನೂ ಗುಣವಿಲ್ಲ’ ಅನ್ನುವವರೇ ಹೆಚ್ಚು. ಒಣಗಿದ ಪದರದ ಮೇಲೆ ಮತ್ತೆ ಬಳಿದರೂ ದಂಡ, ತೊಳೆದೇ ಹಚ್ಚಬೇಕು. ಮನೆಯಲ್ಲಿ ಹಗಲೊಬ್ಬರು ಇರದಿದ್ದರೆ ಈ ಮದ್ದಿಗೆ ಕೈ ಹಾಕದಿರುವುದೇ ಲೇಸು. ಖರ್ಚಿನ ಮಾತೋ, 5 ದಿನಕ್ಕೆ ಅರಿಶಿನ ಕಾಲು ಕೆಜಿ, ಸುಣ್ಣ 75 ಗ್ರಾಂ, ನಿಂಬೆ 6. ಲೋಳೆಸರ ಬೇಲಿಯಲ್ಲೇ ಇರುತ್ತದೆ.

ಹಾಲಿನಲ್ಲಿ ಸಣ್ಣ ಗಂಟು, ಕೆಚ್ಚಲು ತುಸು ಬಿಸಿ, ಹಸು ಎಂದಿನಂತೆ ಮೇಯುತ್ತಿದೆ ಎನ್ನುವ ಹಂತದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆ ಹಂತ ಕೈತಪ್ಪದಿರಲು ಪ್ರತಿ ಸಲ ಮೊದಲ ಧಾರೆಯನ್ನು ಕಪ್ಪು ತಟ್ಟೆಗೆ ಕರೆದು ನೋಡಿ. ಮೇವು ಬಿಟ್ಟಿದ್ದರೆ, ಜ್ವರವಿದ್ದರೆ, ಹಾಲು ನೀರಿನಂತೆ ಬಂದರೆ ಲೇಪ ಅರೆಯುತ್ತ ಕೂರಬೇಡಿ, ಪಶು ಆಂಬುಲೆನ್ಸ್‌ನ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕೆಚ್ಚಲು ನೀಲಿಗಟ್ಟಿ ತಣ್ಣಗಾಗಿದ್ದರೆ ಆ ಭಾಗ ಕೊಳೆಯುತ್ತಿದೆ ಎಂದರ್ಥ. ಹಸುವಿನ ಜೀವಕ್ಕೇ ಅಪಾಯ.

ಡಾಕ್ಟರು ತೊಟ್ಟಿನೊಳಗೆ ಬಿಡುವ ಆ್ಯಂಟಿಬಯೋಟಿಕ್ ಟ್ಯೂಬ್ ಬರೆದರೆ ಕೋರ್ಸ್ ಮುಗಿಸಿ. ಲೇಬಲ್ ಮೇಲಿರುವಷ್ಟು ದಿನ ಡೇರಿಗೆ ಹಾಲು ಹಾಕುವಂತಿಲ್ಲ. ಲೇಪದಲ್ಲಿ ಆ ರಗಳೆ ಇಲ್ಲ, ಆದರೂ ಗಂಟುಗಂಟಾದ ಹಾಲು ಕ್ಯಾನಿಗೆ ಸೇರಬಾರದು. ನೋವಿಗೆ ಮೆಲಾಕ್ಸಿಕ್ಯಾಂ ಕೇಳಿ. ಅಂಗಡಿಯವನು ಡೈಕ್ಲೋಫಿನಾಕ್ ಕೊಟ್ಟರೆ ವಾಪಸ್ ಮಾಡಿ: ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡುತ್ತದೆಂದು 2006ರಿಂದಲೇ ದನಕ್ಕೆ ಅದು ನಿಷೇಧ. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ಆ ಪಟ್ಟಿಗೆ ಸೇರಿದವು.

ಗುಣಕ್ಕೆ 5ರಲ್ಲಿ 4 ಅಂಕ, ಅನುಕೂಲಕ್ಕೆ 2.