ಅಜ್ಜಿಯ ಕೌದಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಿದೆ, ನೀವು ಹಾಕಬೇಡಿ

ಬಾಗಲಕೋಟೆ ಕಡೆಯ ನಮ್ಮೂರ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ಬಂದದ್ದು ಅಜ್ಜಿ ಹಳೇ ಸೀರೆ-ಧೋತರ ಸೇರಿಸಿ ಹೊಲಿದ ಎರಡು ಕೌದಿ, ಒಂದು ಮರದ ಪೆಟ್ಟಿಗೆ, ಒಂದು ಹಿತ್ತಾಳೆ ಸಮೆ, ಅಂದರೆ ದೀಪದ ಕಂಬ. ಬೆಳ್ಳಿ ಸಾಮಾನು ಯಾರ ಪಾಲಾಯ್ತು ಅನ್ನೋದು ಬೇರೆ ಕಥೆ, ಬಿಡಿ. ಬೆಂಗಳೂರಿನ ಮನೆಯ ಗೆಸ್ಟ್ ರೂಮಲ್ಲಿ ಇವನ್ನೆಲ್ಲ ಜೋಡಿಸೋಣ, ದೀಪಾವಳಿಗೆ ಬರುವ ಸೋದರತ್ತೆ ನೋಡಿ ಖುಷಿಪಡಲಿ ಅಂತ ನನ್ನ ಲೆಕ್ಕ. ಮೂರು ತಿಂಗಳಲ್ಲಿ ಒಂದು ಕೌದಿ ಹೋಯ್ತು, ಜೊತೆಗೆ ಹೊಸ ಮಂಚಕ್ಕೂ ಹುಳ ಬಿತ್ತು.

ಮೊದಲು ಕೌದಿ ವಿಷಯ. ಅಟ್ಟದ ಧೂಳು, ಅದರ ಮೇಲೆ ಡಾಂಬರ್ ಗುಳಿಗೆ ವಾಸನೆ. ಮೆಷಿನ್‌ನಲ್ಲಿ 'ಜೆಂಟಲ್' ಅಂತ ಒಂದು ಬಟನ್ ಇದೆಯಲ್ಲ, ಅದನ್ನು ನಂಬಿ ಹಾಕಿಬಿಟ್ಟೆ. ಐದಾರು ಪದರದ ಕೌದಿ ಒಣಗಿದ್ದಾಗಲೇ ಮೂರು ಕಿಲೋ ತೂಗುತ್ತಿತ್ತು, ನೀರು ಕುಡಿದ ಮೇಲೆ ಕೇಳಬೇಕಾ! ಸ್ಪಿನ್ ಶುರುವಾಗಿದ್ದೇ ತಡ, ಮೆಷಿನ್ ದಡಬಡ ಅಂತ ಗೋಡೆ ಬಿಟ್ಟು ಮುಂದಕ್ಕೆ ನಡೆದುಕೊಂಡು ಬಂತು. ಆಫ್ ಮಾಡಿ ತೆಗೆದು ನೋಡಿದರೆ ಹೊಲಿಗೆ ದಾರ ಸಾಲುಸಾಲಾಗಿ ಕಿತ್ತು, ಒಳಗಿನ ಸೀರೆಗಳೆಲ್ಲ ಮುದ್ದೆಯಾಗಿ ಒಂದೇ ಮೂಲೆಗೆ ಸೇರಿದ್ದವು. ಇಳಕಲ್ ಸೀರೆಯ ಕೆಂಪು ಸೆರಗು ಬಣ್ಣ ಬಿಟ್ಟು ಧೋತರದ ಬಿಳಿ ತುಂಡುಗಳೆಲ್ಲ ಗುಲಾಬಿ. ಹರಿದ ಕಡೆ ಕೈ ಹಾಕಿದೆ. ಒಳಪದರದಲ್ಲಿ ಅಜ್ಜನ ಪಟ್ಟೆ ಅಂಗಿ. ಜೇಬನ್ನೂ ಬಿಚ್ಚದೆ ಹಾಗೇ ಸೇರಿಸಿ ಹೊಲಿದಿದ್ದಳು ಅಜ್ಜಿ.

ಹೊಳೆ ದಂಡೆಯಲ್ಲಿ ಕೌದಿಯನ್ನು ಬಂಡೆಗೆ ಬಡಿದೇ ಒಗೆಯುತ್ತಿದ್ದರಲ್ಲ, ಆಗೇನೂ ಆಗಲಿಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆಗ ಅದು ದಿನಾ ಹೊದೆಯುವ ಕೌದಿ. ಎಲ್ಲಿ ದಾರ ಸಡಿಲಾಯ್ತೋ ಅಲ್ಲಿ ಅಜ್ಜಿ ಮತ್ತೆ ಸೂಜಿ ಹಾಕುತ್ತಿದ್ದಳು, ಎಲ್ಲಿ ಜೀರ್ಣವಾಯ್ತೋ ಅಲ್ಲಿ ತೇಪೆ. ನನ್ನ ಕೈಗೆ ಬರುವ ಹೊತ್ತಿಗೆ ಇಪ್ಪತ್ತು ವರ್ಷದಿಂದ ಯಾರೂ ಒಂದು ಹೊಲಿಗೆ ಹಾಕಿರಲಿಲ್ಲ.

ಎರಡನೇ ಕೌದಿಗೆ ನೀರೇ ಮುಟ್ಟಿಸಿಲ್ಲ. ನೆರಳಲ್ಲಿ ಹರವಿ ನಾಲ್ಕು ದಿನ ಗಾಳಿಗೆ ಬಿಟ್ಟೆ. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಸೊಳ್ಳೆ ಪರದೆ ತುಂಡು ಕಟ್ಟಿ, ಕಡಿಮೆ ವೇಗದಲ್ಲಿ ಧೂಳು ತೆಗೆದೆ. ಒಗೆಯಲೇಬೇಕು ಅನ್ನೋರು ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಒತ್ತಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಗೋಡೆಗೆ ಮೊಳೆ ಹೊಡೆದು ತೂಗು ಹಾಕುವ ಫ್ಯಾಷನ್ ಒಂದಿದೆ, ಅದೂ ಬೇಡ. ಅಷ್ಟು ಭಾರವೆಲ್ಲ ಎರಡು ಮೊಳೆ ಹತ್ತಿರದ ಹಳೇ ನೂಲಿನ ಮೇಲೆ ಬೀಳುತ್ತದೆ.

ಅಂದ ಹಾಗೆ, ಅತ್ತೆಯ ಮೊಮ್ಮಗು ಬರುತ್ತೆ ಅಂತಲೇ ನಾನು ವಾಸನೆ ತೆಗೆಯಲು ಹೊರಟಿದ್ದು. ಆ ವಾಸನೆಯಿಂದ ಮಗುವಿಗೆ ತೊಂದರೆ ಆದೀತು ಅನ್ನುವ ಭಯ ಮಾತ್ರ ಸುಳ್ಳಲ್ಲ. ಡಾಂಬರ್ ಗುಳಿಗೆ ಅಂದರೆ ನ್ಯಾಫ್ತಲೀನ್. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಎಳೆ ಮಕ್ಕಳಿಗೆ ಅದರಿಂದ ಕೆಂಪು ರಕ್ತಕಣ ಒಡೆದು ಕಾಮಾಲೆ ಬರಬಹುದು. ವಾಸನೆ ಪೂರ್ತಿ ಹೋಗದ ಹೊದಿಕೆ ಮಗುವಿನ ಹತ್ತಿರ ಇಡಬೇಡಿ.

ಇನ್ನು ಪೆಟ್ಟಿಗೆ. ಸಾಗವಾನಿ ಅಂತ ಎಲ್ಲರೂ ಹೇಳುತ್ತಿದ್ದರು. ಮುಂದಿನ ಹಲಗೆ ಸಾಗವಾನಿಯೇ, ಹಿಂದಿನ ಹಲಗೆ, ತಳ ಮಾತ್ರ ಯಾವುದೋ ಅಗ್ಗದ ಮರ. ಗುಂಡುಸೂಜಿ ತಲೆಯಷ್ಟು ತೂತುಗಳಿದ್ದವು. ಪಾಲಿಶ್ ಮಾಡುವವನು "ಹಳೇ ತೂತು ಮೇಡಂ, ಹುಳ ಸತ್ತು ಎಷ್ಟೋ ಕಾಲ ಆಯ್ತು" ಅಂತ ಪುಟ್ಟಿ ತುಂಬಿ, ಮೇಲೆ ಪಳಪಳ ಪಾಲಿಶ್ ಹೊಡೆದು ಒಂಬತ್ತು ಸಾವಿರ ತಗೊಂಡು ಹೋದ. ಹುಳ ಸತ್ತಿರಲಿಲ್ಲ. ಕುಟ್ಟೆ ಹುಳದ ಮರಿ ಮರದ ಒಳಗೇ ತಿಂಗಳುಗಟ್ಟಲೆ ತಿನ್ನುತ್ತಾ ಕೂತಿದ್ದು, ರೆಕ್ಕೆ ಬಂದ ಮೇಲೆ ಪಾಲಿಶ್ ಕೊರೆದು ಹೊರಗೆ ಬರುತ್ತದೆ. ನಮ್ಮ ಗೆಸ್ಟ್ ರೂಮಿನ ಹೊಸ ಮಂಚ ರಬ್ಬರ್ ಮರದ್ದು, ಕುಟ್ಟೆಗೆ ಅದು ಹಬ್ಬದೂಟ. ಒಂದು ದಿನ ಕಸ ಗುಡಿಸುವಾಗ ಮಂಚದ ಕಾಲಿನ ಹತ್ತಿರ ಮೈದಾ ಚೆಲ್ಲಿದ ಹಾಗೆ ಬಿಳೀ ಪುಡಿ. ಒರೆಸಿದೆ. ಮರುದಿನ ಮತ್ತೆ ಅಷ್ಟೇ.

ಹಳೇ ಮರದ ಸಾಮಾನು ಮನೆಯೊಳಗೆ ತರುವ ಮೊದಲು ಕಪ್ಪು ಹಾಳೆ ಹಾಸಿ ಅದರ ಮೇಲೆ ಕೆಲವು ವಾರ ಇಡಿ. ಒರೆಸಿದ ಮೇಲೂ ಪುಡಿ ಮತ್ತೆ ಮತ್ತೆ ಬಿದ್ದರೆ ಹುಳ ಬದುಕಿದೆ ಅಂತ ಅರ್ಥ. ಬೀಳಲಿಲ್ಲ ಅಂತ ಪೂರ್ತಿ ನಂಬಲೂ ಬೇಡಿ, ಮಳೆಗಾಲ ಮುಗಿಯೋವರೆಗೂ ಕಣ್ಣಿಟ್ಟಿರಿ. ತೂತಿನ ಒಳಗೆ ನೋಡಿ: ಹಳೇ ತೂತು ಕಪ್ಪಾಗಿರುತ್ತದೆ, ಹೊಸದರಲ್ಲಿ ಮರ ತಿಳಿಬಣ್ಣ. ಔಷಧಿ ಹಾಕಿಸುವುದಿದ್ದರೆ ಪಾಲಿಶ್‌ಗೆ ಮುಂಚೆಯೇ ಹಾಕಿಸಿ. ಪಾಲಿಶ್ ಆದ ಮೇಲೆ ಮರ ಔಷಧಿ ಕುಡಿಯುವುದಿಲ್ಲ, ಸಿರಿಂಜ್ ಹಿಡಿದು ಒಂದೊಂದು ತೂತಿಗೂ ಬಿಡಬೇಕು.

ಅತ್ತೆ ಬಂದಾಗ ಹಾಲ್‌ನಲ್ಲಿ ಮಲಗಿದರು. ಪೆಟ್ಟಿಗೆ ಈಗ ಬಾಲ್ಕನಿಯಲ್ಲಿದೆ, ಎರಡು ಸಲ ಔಷಧಿ ಆಗಿದೆ. ಇವತ್ತು ಬೆಳಿಗ್ಗೆ ಬಗ್ಗಿ ನೋಡಿದೆ. ಹಾಳೆಯ ಮೂಲೆಯಲ್ಲಿ ಮತ್ತೆ ಚಿಟಿಕೆ ಪುಡಿ.